ಚಿನ್ನದ ಊರಿಗೆ ತಾತನ ದನಿ ಬಂದ ದಾರಿ

ಬಂಗಾರಪೇಟೆ ಎಂಬ ಹೆಸರು ಕೇಳಿದವರು ಅಲ್ಲಿ ಬಂಗಾರ ಸಿಗುತ್ತದೆಂದು ತಿಳಿಯುವುದು ಸಹಜ. ನಿಜದಲ್ಲಿ ಬಂಗಾರ ಇದ್ದದ್ದು ಅಲ್ಲಿಂದ ಮುಂದಕ್ಕೆ, ಕೋಲಾರದ ಚಿನ್ನದ ಗಣಿಗಳಲ್ಲಿ. ಬಂಗಾರಪೇಟೆ ಅದರ ಹೆಬ್ಬಾಗಿಲು. ರೈಲ್ವೆಯವರ ಪಟ್ಟಿಯಲ್ಲಿ ಈ ನಿಲ್ದಾಣದ ಸಂಕೇತ ಇಂದಿಗೂ ‘ಬಿಡಬ್ಲ್ಯುಟಿ’. ಬಂಗಾರಪೇಟೆಯಲ್ಲಿ ‘ಡಬ್ಲ್ಯು’ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳಬೇಡಿ. ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ನೆನಪಿನ ಹೆಸರು ಅದು. ಜನರ ಬಾಯಲ್ಲಿ ದೊರೆ ಮರೆಯಾಗಿ ಬಂಗಾರ ಉಳಿಯಿತು. ರೈಲ್ವೆಯ ಟಿಕೆಟ್ಟಿನಲ್ಲಿ ಮಾತ್ರ ದೊರೆ ಉಳಿದ.

ಬೆಂಗಳೂರಿನಿಂದ ಜೋಲಾರ್‌ಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಸಾಗಿದರೆ ಈ ಜಂಕ್ಷನ್ ಸಿಗುತ್ತದೆ. ಇಳಿದವರು ಪಾನಿಪುರಿ ತಿನ್ನದೆ ಮುಂದೆ ಹೋಗುವುದಿಲ್ಲ. ಬಂಗಾರಪೇಟೆಯ ಪಾನಿಪುರಿಯ ವಿಶೇಷ ಅದರ ಪಾನಿ. ಹಸಿರು ಬಣ್ಣವಿಲ್ಲದೆ ನೀರಿನಷ್ಟೇ ತಿಳಿಯಾಗಿ ಕಾಣುತ್ತದೆ. ಬಾಯಿಗಿಟ್ಟಾಗಲೇ ಅದರ ಖಾರ ಗೊತ್ತಾಗುವುದು. ಬೆಂಗಳೂರಿನ ಬೀದಿ ಬೀದಿಗಳಲ್ಲಿ ಈಗ ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕ ಕಾಣುತ್ತದೆ. ಚಿನ್ನ ಮುಗಿದ ಮೇಲೂ ಊರಿನ ಹೆಸರನ್ನು ದೂರ ಕೊಂಡೊಯ್ದದ್ದು ಪಾನಿಪುರಿ ಎಂದರೆ ತಪ್ಪಾಗಲಾರದು.

ಈ ನಿಲ್ದಾಣದಿಂದ ಎರಡು ಕವಲುಗಳು ಒಡೆಯುತ್ತವೆ. ಒಂದು ಕೋಲಾರದ ಕಡೆಗೆ. ಇನ್ನೊಂದು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂಗೆ. ಗಣಿಯ ಕವಲು ಮೊದಲಿನಿಂದಲೂ ಅಗಲ ಹಳಿಯದು, ಎರಡು ಹಳಿಗಳ ನಡುವೆ 1676 ಮಿಲಿಮೀಟರ್. ಕೋಲಾರದ ಕವಲು ಬಹುಕಾಲ ಕಿರಿದಾದ ಹಳಿಯದಾಗಿತ್ತು, ಬರೀ 762 ಮಿಲಿಮೀಟರ್. ಆದ್ದರಿಂದ ಕೋಲಾರದ ಪ್ರಯಾಣಿಕರು ಬಂಗಾರಪೇಟೆಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ಪಕ್ಕದ ಪುಟ್ಟ ರೈಲು ಹತ್ತಬೇಕಿತ್ತು. ಸರಕೂ ಹಾಗೆಯೇ, ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಎರಡೂ ರೈಲೇ, ಎರಡೂ ಕಬ್ಬಿಣದ ಹಳಿಯೇ, ಆದರೂ ಒಂದರ ಗಾಲಿ ಇನ್ನೊಂದರ ಮೇಲೆ ಉರುಳದು. ಈಗ ಆ ಮಾರ್ಗವೂ ಅಗಲವಾಗಿದೆ. ಓದುಗರು ಈ ಎರಡು ಹಳಿಗಳ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ಹಾಸ್ಟೆಲಿನಿಂದ ಬಂದ ದೂರು

ನನ್ನ ಅಕ್ಕನ ಮಗ ಕೆಜಿಎಫ್ ಕಡೆಯ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಆ ಊರು ಅವನಿಗೆ ಹೊಸದಾದರೂ ಮನೆತನಕ್ಕೆ ಹೊಸದಲ್ಲ. ಅವನ ತಾತ, ಅಂದರೆ ನನ್ನ ಭಾವನ ತಂದೆ, ಚಾಂಪಿಯನ್ ರೀಫ್ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಕಾರ್ಮಿಕರನ್ನು ಪಂಜರದಂಥ ‘ಕೇಜ್’ನಲ್ಲಿ ಪಾತಾಳಕ್ಕೆ ಇಳಿಸುವ, ಮತ್ತೆ ಮೇಲೆತ್ತುವ ದೊಡ್ಡ ಯಂತ್ರವನ್ನು ನಡೆಸುವ ಕೆಲಸ. ಅವರು ತೀರಿಕೊಂಡು ಮೂರು ವರ್ಷವಾಯಿತು. ಕೊನೆಯ ವರ್ಷಗಳಲ್ಲಿ ಭಾವ ಪ್ರತಿ ಭಾನುವಾರ ತಂದೆಯನ್ನು ಕೂರಿಸಿಕೊಂಡು ಮಾತನಾಡಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟಿದ್ದರು. ಕನ್ನಡದ ನಡುವೆ ತಮಿಳು, ತೆಲುಗು ಸೇರಿದ ಅಪ್ಪಟ ಕೆಜಿಎಫ್ ಮಾತು.

ಆ ಚಿತ್ರಗಳೆಲ್ಲ ಬೆಂಗಳೂರಿನ ಮನೆಯ ಒಂದು ಹಳೆಯ ಕಂಪ್ಯೂಟರಿನಲ್ಲಿವೆ. ಅದರಲ್ಲಿ ಭಾವ ‘ಜೆಲ್ಲಿಫಿನ್’ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ್ದಾರೆ. ಮನೆಯಲ್ಲೊಂದು ಸಣ್ಣ ಆಕಾಶವಾಣಿ ಕೇಂದ್ರ ಇಟ್ಟುಕೊಂಡ ಹಾಗೆ ಎನ್ನಿ. ಮನೆಯವರು ಎಲ್ಲಿದ್ದರೂ ತಮ್ಮ ಫೋನಿನಿಂದ ಆ ಕಂಪ್ಯೂಟರನ್ನು ಸಂಪರ್ಕಿಸಿ ಹಾಡು, ಚಿತ್ರ, ಮಾತುಗಳನ್ನು ಕೇಳಬಹುದು, ನೋಡಬಹುದು.

ಹುಡುಗ ಕಾಲೇಜು ಸೇರಿದ ಮೇಲೆ ಅಜ್ಜಿಯ ಒಂದೇ ಆಸೆ. “ಅವನು ಅದೇ ಊರಲ್ಲಿದ್ದಾನೆ. ತಾತ ಯಾವ ಜಾಗದಲ್ಲಿ ಏನು ಕೆಲಸ ಮಾಡಿದ್ರು ಅಂತ ಅಲ್ಲೇ ನಿಂತು ಕೇಳಲಿ” ಎಂದು. ಹುಡುಗನಿಗೂ ಆಸೆ. ಅಜ್ಜಿಗೆ ಎಂಬತ್ತು ದಾಟಿದೆ. ರಾತ್ರಿ ಊಟವಾದ ಮೇಲೆ ಮೊಮ್ಮಗ ಅಲ್ಲಿ, ತಾನು ಇಲ್ಲಿ, ಒಂದೇ ಮಾತನ್ನು ಒಟ್ಟಿಗೆ ಕೇಳಿ ಆಮೇಲೆ ಫೋನಿನಲ್ಲಿ ಚರ್ಚಿಸಬೇಕೆಂದು ಆಕೆಯ ಏರ್ಪಾಡು. ಆದರೆ ಹಾಸ್ಟೆಲಿನ ವೈಫೈನಲ್ಲಿ ಹುಡುಗ ಒತ್ತಿದ್ದೇ ತಡ, ಪರದೆಯ ಮೇಲೆ ಚಕ್ರ ಸುತ್ತತೊಡಗುತ್ತದೆ, ಸುತ್ತುತ್ತಲೇ ಇರುತ್ತದೆ. ತಾತ ಬಾಯಿ ಬಿಡುವುದಿಲ್ಲ.

“ಮಾಮ, ಹಾಸ್ಟೆಲಿನವರು ಎಲ್ಲಾ ಬ್ಲಾಕ್ ಮಾಡಿದ್ದಾರೆ. ನನ್ನ ರೂಮ್‌ಮೇಟ್ ಒಂದು ಫ್ರೀ ವಿಪಿಎನ್ ಆ್ಯಪ್ ಕೊಡ್ತಾನಂತೆ. ಹಾಕ್ಕೊಂಡುಬಿಡ್ಲಾ?” ಎಂದು ಹುಡುಗ ಕೇಳಿದ. ಹಾಸ್ಟೆಲಿನ ನಿಯಮಪತ್ರದಲ್ಲಿ ವಿಪಿಎನ್ ಬಳಸಿದರೆ ಆ ಸೆಮಿಸ್ಟರ್ ಪೂರ್ತಿ ವೈಫೈ ರದ್ದು ಎಂದಿತ್ತು. ಅಸೈನ್‌ಮೆಂಟ್ ಸಲ್ಲಿಸುವುದು, ಪರೀಕ್ಷೆಗೆ ಅರ್ಜಿ ತುಂಬುವುದು ಎಲ್ಲಕ್ಕೂ ಅದೇ ವೈಫೈ. ತಾತನ ದನಿಗಾಗಿ ಮೊಮ್ಮಗನ ಪರೀಕ್ಷೆ ಹೋದರೆ ಆ ತಾತನೇ ಒಪ್ಪುತ್ತಿರಲಿಲ್ಲ. “ಮೊದಲು ಎಲ್ಲಿ ನಿಂತಿದೆ ಅಂತ ನೋಡೋಣ, ಆಮೇಲೆ ಬಾಗಿಲು ಮುರಿಯೋ ಮಾತು” ಎಂದೆ.

ತುಂಡು ತುಂಡಾಗಿ ಹುಡುಕುವುದು

ದೂರದ ಸಂಪರ್ಕ ಕೆಟ್ಟಾಗ ಇಡೀ ದಾರಿಯನ್ನು ಒಟ್ಟಿಗೆ ಶಂಕಿಸಬಾರದು. ದಾರಿಯನ್ನು ತುಂಡು ಮಾಡಿ ಒಂದೊಂದನ್ನೇ ಪರೀಕ್ಷಿಸಬೇಕು. ವಿದ್ಯುತ್ ಮಾರ್ಗ ನೋಡಿಕೊಳ್ಳುವವರು ಮಾಡುವುದೂ ಇದನ್ನೇ.

ಈ ಮಾತಿಗೆ ಕೆಜಿಎಫ್‌ಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಬಂದು ಮೊದಲು ಮುಟ್ಟಿದ್ದು ಈ ಗಣಿಗಳನ್ನು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೂರು ವರ್ಷಕ್ಕೆ. ಈ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಕಾವೇರಿಯ ವಿದ್ಯುತ್ತು ಗಣಿಯ ಯಂತ್ರ ತಿರುಗಿಸಿದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅಷ್ಟು ದೂರ ವಿದ್ಯುತ್ತು ಸಾಗಬೇಕಾದರೆ ಹೊರಡುವ ಕಡೆ ವೋಲ್ಟೇಜ್ ಏರಿಸಿ, ತಂತಿಯಲ್ಲಿ ಹರಿಯುವ ಪ್ರವಾಹವನ್ನು ಕಡಿಮೆ ಮಾಡಬೇಕು. ತಲುಪುವ ಕಡೆ ಮತ್ತೆ ಇಳಿಸಬೇಕು. ಇಲ್ಲದಿದ್ದರೆ ಅರ್ಧ ಶಕ್ತಿ ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ತಂತಿಗೆ ಒಗ್ಗುವಂತೆ ಸರಕನ್ನು ಬದಲಿಸಿ ಕಳಿಸುವ ಈ ಉಪಾಯ ನಮಗೂ ಮುಂದೆ ಬೇಕಾಯಿತು.

ನಾವು ಮಾಡಿದ ಪರೀಕ್ಷೆಗಳು ಇವು. ಮೊದಲನೆಯದು, ಬೆಂಗಳೂರಿನ ಮನೆಯೊಳಗೇ ಅಕ್ಕನ ಫೋನಿನಲ್ಲಿ ಹಾಕಿ ನೋಡಿದ್ದು. ತಾತ ಸೊಗಸಾಗಿ ಮಾತನಾಡಿದರು. ಅಲ್ಲಿಗೆ ಕಂಪ್ಯೂಟರು, ತಂತ್ರಾಂಶ ಎರಡೂ ಸರಿ. ಎರಡನೆಯದು, ಹುಡುಗ ಹಾಸ್ಟೆಲಿನಿಂದ ಹೊರಗೆ ರಸ್ತೆಗೆ ಬಂದು, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನೋಡಿದ್ದು. ಅಲ್ಲೂ ತಾತ ಮಾತನಾಡಿದರು. (ಹಾಸ್ಟೆಲಿನ ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಸಿಗದು, ರಾತ್ರಿ ಹೊರಗೆ ಬಿಡುವುದಿಲ್ಲ. ಇಲ್ಲದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.) “ನೋಡಿದ್ರಾ ಮಾಮ, ಹಾಸ್ಟೆಲಿನದೇ ತಪ್ಪು” ಎಂದು ಹುಡುಗ ತೀರ್ಪು ಕೊಟ್ಟ. ಮೂರನೆಯ ಪರೀಕ್ಷೆಯನ್ನು ನಾನು ನನ್ನ ಮನೆಯ ಹಳೆಯ ಬ್ರಾಡ್‌ಬ್ಯಾಂಡಿನಲ್ಲಿ ಮಾಡಿದೆ. ಇಲ್ಲಿ ಯಾವ ವಾರ್ಡನ್ನೂ ಇಲ್ಲ, ತಡೆಯೂ ಇಲ್ಲ. ಆದರೂ ಚಕ್ರ ಸುತ್ತಿತು! ಅಂದ ಮೇಲೆ ತಪ್ಪು ಹಾಸ್ಟೆಲಿನದಷ್ಟೇ ಅಲ್ಲ.

ಇಲ್ಲಿ ಬಂಗಾರಪೇಟೆಯ ಎರಡು ಹಳಿಗಳನ್ನು ನೆನೆಯಬೇಕು. ಅಂತರಜಾಲದಲ್ಲೂ ಎರಡು ಬಗೆಯ ವಿಳಾಸಗಳಿವೆ. ಹಳೆಯದು ಐಪಿ 4ನೆಯ ಆವೃತ್ತಿ; ಅದರಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು 2011ರಲ್ಲೇ ತಳ ಕಂಡಿತು. ಹೊಸದು 6ನೆಯ ಆವೃತ್ತಿ. ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ಆದರೆ 4ರ ಗಾಡಿ 6ರ ಹಳಿಯ ಮೇಲೆ ನೇರವಾಗಿ ಓಡದು. ನಮ್ಮ ಮೊಬೈಲ್ ಜಾಲ 6ನ್ನು ಬಲ್ಲದು, ಭಾವನ ಮನೆಯ ಸಂಪರ್ಕವೂ ಬಲ್ಲದು. ಆದ್ದರಿಂದ ರಸ್ತೆಯಲ್ಲಿ ನಿಂತಾಗ ತಾತ ಬಂದರು. ಹಾಸ್ಟೆಲಿಗೂ ನನ್ನ ಮನೆಗೂ 4 ಮಾತ್ರ ಗೊತ್ತು.

ಹಾಗಾದರೆ ಭಾವನ ಮನೆಗೆ 4ನೆಯ ಆವೃತ್ತಿಯ ವಿಳಾಸ ಇಲ್ಲವೇ? ಇದೆ, ಆದರೆ ಸ್ವಂತದ್ದಲ್ಲ. ವಿಳಾಸದ ಬರದಿಂದಾಗಿ ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ವಠಾರಕ್ಕೆಲ್ಲ ಸೇರಿ ಬೀದಿಯ ಕಡೆಗೆ ಒಂದೇ ಅಂಚೆಪೆಟ್ಟಿಗೆ ಇದ್ದಂತೆ. ಒಳಗಿನವರು ಹೊರಗೆ ಪತ್ರ ಬರೆದು ಉತ್ತರ ತರಿಸಬಹುದು. ಹೊರಗಿನವರು ತಾವಾಗಿ ಬರೆದರೆ ಅದು ಯಾರ ಮನೆಗೆಂದು ಅಂಚೆಯವನಿಗೆ ಗೊತ್ತಾಗದು. ಇದನ್ನು ಕಂಡುಕೊಳ್ಳುವುದು ಸುಲಭ. ಮನೆಯ ರೌಟರಿನ ಪುಟದಲ್ಲಿ ಹೊರಮುಖದ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನೀವು ವಠಾರದಲ್ಲಿದ್ದೀರಿ. ಭಾವನದು ಹಾಗೇ ಇತ್ತು. ಸೇವೆ ಕೊಡುವವರಿಗೆ ಅರ್ಜಿ ಹಾಕಿ, ತಿಂಗಳಿಗಿಷ್ಟೆಂದು ಹೆಚ್ಚು ಹಣ ಕೊಟ್ಟು, ಸ್ವಂತ ವಿಳಾಸ ಪಡೆದದ್ದಾಯಿತು. ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ನನ್ನ ಮನೆಯಲ್ಲಿ ತಾತ ಮಾತನಾಡಿದರು. ಹಾಸ್ಟೆಲಿನಲ್ಲಿ ಆಗಲೂ ಚಕ್ರವೇ. ಒಂದು ಗೋಡೆ ಬಿದ್ದಾಗ ಮಾತ್ರ ಹಿಂದಿನ ಗೋಡೆ ಕಾಣುತ್ತದೆ ಎಂಬುದು ಈ ಬಗೆಯ ಕೆಲಸದ ಸ್ವಭಾವ. ಈಗ ನಿಜವಾಗಿಯೂ ಹಾಸ್ಟೆಲಿನ ಬಾಗಿಲಿಗೆ ಹೋಗಬೇಕಾಯಿತು. ಅಕ್ಕ ಹುಳಿಯವಲಕ್ಕಿಯ ಡಬ್ಬಿ ಕಟ್ಟಿಕೊಟ್ಟಳು. ಭಾವ ಒಂದು ಪೆನ್‌ಡ್ರೈವ್ ಕೊಟ್ಟರು. ಶನಿವಾರ ಬೆಳಿಗ್ಗೆ ರೈಲು ಹತ್ತಿದೆ.

ಎದುರು ದಿಕ್ಕಿನ ಜನ

ಬೆಳಗಿನ ಹೊತ್ತು ಬೆಂಗಳೂರಿನಿಂದ ಕೆಜಿಎಫ್ ಕಡೆಗೆ ಹೋಗುವ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ. ಎದುರಿನಿಂದ ಬರುವ ರೈಲುಗಳನ್ನು ನೋಡಬೇಕು. ಬಾಗಿಲಿನಲ್ಲೂ ಜನ ಜೋತುಬಿದ್ದಿರುತ್ತಾರೆ. ಮಾರಿಕುಪ್ಪಂನಿಂದ ಹೊರಟು ಬೆಂಗಳೂರಿನ ಕಾರ್ಖಾನೆ, ಕಚೇರಿ, ಅಂಗಡಿಗಳಿಗೆ ಹೋಗಿ ರಾತ್ರಿ ಮರಳುವವರು ಇವರು. ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ಈ ರೈಲಿನ ಮೇಲೆ ನಿಂತಿತು. ಹಿಂದೆ ಪಾತಾಳಕ್ಕೆ ಇಳಿದು ಹತ್ತುತ್ತಿದ್ದವರು ಈಗ ಬೆಂಗಳೂರಿಗೆ ಹೋಗಿ ಬರುತ್ತಾರೆ.

ರೈಲು ಕವಲು ಹಿಡಿದ ಮೇಲೆ ಹೊಲ, ಬಂಡೆ, ಹುಣಿಸೆಮರ ಕಳೆದು, ಬೂದು ಬಣ್ಣದ ದಿಬ್ಬಗಳು ಕಾಣತೊಡಗುತ್ತವೆ. ಇಲ್ಲಿನವರು ಅವನ್ನು ಸಯನೈಡ್ ಗುಡ್ಡ ಎನ್ನುತ್ತಾರೆ. ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಅದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಗಣಿಗಾರಿಕೆ ನಡೆದು, ಸುಮಾರು 800 ಟನ್ ಚಿನ್ನ ಹೊರಬಂತು. ಉಳಿದ ಹುಡಿಯೇ ಗುಡ್ಡವಾಯಿತು. ಸಿನಿಮಾದವರಿಗೆ ಈ ಗುಡ್ಡಗಳು ಬಹಳ ಇಷ್ಟ. 2018ರ ‘ಕೆಜಿಎಫ್’ ಚಿತ್ರದಿಂದಾಗಿ ಊರಿನ ಹೆಸರು ದೇಶದ ಮೂಲೆಮೂಲೆಗೆ ಹೋಯಿತು. ಊರಿನ ಮಕ್ಕಳಿಗೆ ಮಾತ್ರ ಗಾಳಿ ಬೀಸಿದಾಗ ಕಣ್ಣಿಗೆ ಬೀಳುವ ಧೂಳು ಅದು.

ಉರಿಗಾಂ ನಿಲ್ದಾಣದಲ್ಲಿ ಇಳಿದೆ. ಹುಡುಗ ಕಾದಿದ್ದ. ಹುಳಿಯವಲಕ್ಕಿಯ ಡಬ್ಬಿಯನ್ನು ಮೊದಲು ತೆಗೆದುಕೊಂಡ, ಪೆನ್‌ಡ್ರೈವನ್ನು ಆಮೇಲೆ.

ತಡೆಯ ಒಳಗಿನ ಲೆಕ್ಕ

ಕಾಲೇಜಿನ ಜಾಲವನ್ನು ನೋಡಿಕೊಳ್ಳುವ ಯುವಕರು ಸಣ್ಣ ಕೋಣೆಯೊಂದರಲ್ಲಿ ಕೂತಿದ್ದರು. ಹೆತ್ತವರ ಪರವಾಗಿ ಜಗಳಕ್ಕೆ ಬಂದವನೆಂದು ಮೊದಲು ಸ್ವಲ್ಪ ಬಿಗಿಯಾಗಿದ್ದರು. ನಾವು ಮಾಡಿದ ಪರೀಕ್ಷೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಓದಿ ನಕ್ಕು, ಕುರ್ಚಿ ತೋರಿಸಿದರು.

“ಸಾರ್, ನಿಮ್ಮನೆ ಸರ್ವರ್ 8096ನೇ ಪೋರ್ಟಲ್ಲಿದೆ. ನಾವು ಹೊರಗೆ ಬಿಡೋದು 80, 443 ಎರಡೇ. ಅದು ನಿಮಗೋಸ್ಕರ ಮಾಡಿದ್ದಲ್ಲ” ಎಂದರು.

ಪೋರ್ಟ್ ಎಂದರೆ ಒಂದೇ ವಿಳಾಸದ ಮನೆಗಿರುವ ಬೇರೆ ಬೇರೆ ಬಾಗಿಲುಗಳ ಸಂಖ್ಯೆ. ಸಾಮಾನ್ಯ ಜಾಲತಾಣಗಳು ನಿಲ್ಲುವುದು 80ರಲ್ಲಿ. ಬ್ಯಾಂಕಿನಂಥ ಗೂಢಲಿಪಿಯ ತಾಣಗಳು, ಈಗ ಬಹುತೇಕ ಎಲ್ಲ ತಾಣಗಳೂ, ನಿಲ್ಲುವುದು 443ರಲ್ಲಿ. ಉಳಿದ ಬಾಗಿಲುಗಳನ್ನು ಏಕೆ ಮುಚ್ಚಿದ್ದೀರಿ ಎಂದು ಕೇಳಿದೆ. ಅವರು ಬೆರಳು ಮಡಿಚಿ ಎಣಿಸಿದರು. ಒಂದೇ ಸಂಪರ್ಕವನ್ನು ನೂರಾರು ವಿದ್ಯಾರ್ಥಿಗಳು ಹಂಚಿಕೊಳ್ಳುವುದು. ನಾಲ್ಕು ಜನ ಸಿನಿಮಾ ಇಳಿಸಿಕೊಂಡರೆ ನಲವತ್ತು ಜನರ ಅಸೈನ್‌ಮೆಂಟ್ ನಿಲ್ಲುತ್ತದೆ. ಯಾರದೋ ಫೋನಿಗೆ ವೈರಸ್ ತಗುಲಿದರೆ ಅದು ಹೊರಗೆ ಗುಟ್ಟಾಗಿ ಮಾತನಾಡುವುದು ಇಂಥ ಅಪರೂಪದ ಬಾಗಿಲುಗಳಿಂದಲೇ. ಮೇಲಾಗಿ, 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರದ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಜಾಲದ ದಾಖಲೆಗಳನ್ನು 180 ದಿನ ಕಾಪಿಡಬೇಕು. ನಾಳೆ ಪೊಲೀಸರು ಬಂದು ಕೇಳಿದರೆ ಉತ್ತರ ಕೊಡಬೇಕಾದವರು ಇವರು. “ಫ್ರೀ ವಿಪಿಎನ್ ಅಂತಾರಲ್ಲ ಸಾರ್, ಅದನ್ನ ನಡೆಸೋನಿಗೆ ಖರ್ಚಿಲ್ವಾ? ಹುಡುಗರ ಫೋನಿಂದ ಹೋಗೋದೆಲ್ಲ ಅವನ ಕೈ ಮೇಲೇ ಹೋಗುತ್ತೆ. ನಮ್ಮ ಗೇಟ್ ಹಾರಿ ಯಾರ ಮನೆಗೆ ಹೋದ್ವಿ ಅಂತ ಅವರಿಗೇ ಗೊತ್ತಿರಲ್ಲ” ಎಂದರು. ಹುಡುಗ ನೆಲ ನೋಡಿದ.

ಈ ಊರಿನ ನೆಲದಡಿಯಲ್ಲಿ ತಡೆಯನ್ನೇ ಹುಡುಕಿಕೊಂಡು ಇಳಿದವರೂ ಇದ್ದರು. ನಂಜನಗೂಡಿನಲ್ಲಿ ಹುಟ್ಟಿದ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದಲ್ಲೇ ವಿಶ್ವಕಿರಣಗಳ ಅಧ್ಯಯನಕ್ಕೆ ಈ ಗಣಿಗಳಿಗೆ ಬಂದರು. ಆಕಾಶದಿಂದ ಸುರಿಯುವ ಕಣಗಳ ಗದ್ದಲ ಮೇಲ್ಮೈಯಲ್ಲಿ ಎಷ್ಟಿದೆಯೆಂದರೆ, ನ್ಯೂಟ್ರಿನೊ ಎಂಬ ಅತಿ ನಾಚಿಕೆಯ ಕಣದ ಸದ್ದು ಅದರಲ್ಲಿ ಕೇಳಿಸುವುದೇ ಇಲ್ಲ. ಆದ್ದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದರು. ಮೇಲಿನ ಬಂಡೆಯೆಲ್ಲ ಜರಡಿಯಾಯಿತು. ಉಳಿದ ಕಣಗಳು ಬಂಡೆಯಲ್ಲೇ ನಿಂತವು. ನ್ಯೂಟ್ರಿನೊ ಮಾತ್ರ ಹಾದು ಬಂತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ತಡೆ ಇದ್ದುದರಿಂದಲೇ ಬೇಕಾದ್ದು ಕೇಳಿಸಿತು. ಹಾಸ್ಟೆಲಿನ ಜಾಲವೂ ಒಂದು ಬಂಡೆ. ಅದನ್ನು ಒಡೆಯುವ ಬದಲು ಅದು ಬಿಡುವ ದಾರಿಯಲ್ಲಿ ಹಾದು ಬರಬೇಕು.

ನಾನು ಕೇಳಿದ ಪ್ರಶ್ನೆ ಒಂದೇ: “443ರಲ್ಲಿ, ಸರಿಯಾದ ಪ್ರಮಾಣಪತ್ರ ಇಟ್ಟುಕೊಂಡು, ಸಿನಿಮಾ ಅಲ್ಲದೆ ಬರೀ ಮಾತು ಕಳಿಸಿದರೆ ನಿಮ್ಮ ಅಭ್ಯಂತರವಿದೆಯೇ?” ಅವರು ಯೋಚಿಸಿದರು. ಹುಡುಗನಿಂದ ಒಂದು ಅರ್ಜಿ ಬರೆಸಿಕೊಂಡರು. ತಾಣದ ಹೆಸರು, ಉದ್ದೇಶ, ರಾತ್ರಿ ಒಂಬತ್ತರ ಮೇಲೆ, ಧ್ವನಿ ಮಾತ್ರ ಎಂದು ಅದರಲ್ಲಿ ನಮೂದಾಯಿತು. ಕೆಳಗೆ ವಾರ್ಡನ್ನರ ರುಜುವೂ ಬಿತ್ತು.

ಗಂಟೆಯ ಲೆಕ್ಕ

ಮಧ್ಯಾಹ್ನ ಚಾಂಪಿಯನ್ ರೀಫ್ ಕಡೆ ನಡೆದೆವು. ಗಣಿಯ ಬಾಯಿಗಳ ಹತ್ತಿರ ಬಿಡುವುದಿಲ್ಲ, ಬಿಡಲೂ ಬಾರದು. ರಸ್ತೆಯಿಂದಲೇ ಷಾಫ್ಟಿನ ಮೇಲಿನ ಕಬ್ಬಿಣದ ಗೋಪುರ ನೋಡಬೇಕು. ಈ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಹುಡುಗ ಪೆನ್‌ಡ್ರೈವಿನಲ್ಲಿದ್ದುದನ್ನು ಫೋನಿಗೆ ತುಂಬಿಕೊಂಡಿದ್ದ. ಇಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆವು.

ತಾತ ಹೇಳುತ್ತಿದ್ದದ್ದು ಗಂಟೆಯ ವಿಷಯ. ವೈಂಡಿಂಗ್ ಡ್ರೈವರಿಗೆ ತಾನು ಇಳಿಸುವ ಜನ ಕಾಣುವುದಿಲ್ಲ. ಅವನ ಮುಂದೆ ಆಳ ತೋರಿಸುವ ಮುಳ್ಳು, ಕಿವಿಗೆ ಗಂಟೆ, ಅಷ್ಟೆ. ಯಂತ್ರ ಓಡುತ್ತಿದ್ದಾಗ ಒಂದು ಹೊಡೆದರೆ ನಿಲ್ಲಿಸು. ನಿಂತಿದ್ದಾಗ ಒಂದು ಹೊಡೆದರೆ ಮೇಲೆತ್ತು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಕೇಜಿಗೆ ಹತ್ತುವುದು ಮನುಷ್ಯರು, ಜೋಕೆ. “ಮೂರು ಗಂಟೆ ಬಂದ್ರೆ ನಾನು ವಾಪಸ್ ಮೂರು ಹೊಡೀಬೇಕು. ನಾನು ಹೊಡೆಯೋ ತನಕ ಒಬ್ಬನೂ ಒಳಗೆ ಕಾಲಿಡಂಗಿಲ್ಲ. ಕೇಳಿಸ್ತು ಅಂತ ಹೇಳ್ಬೇಕಲ್ಲಪ್ಪಾ, ಇಲ್ದಿದ್ರೆ ಅವನಿಗೆ ಹೆಂಗೆ ಗೊತ್ತಾಗುತ್ತೆ?” ಎಂದು ತಾತ ನಕ್ಕದ್ದು ಕೇಳಿಸಿತು.

ಹುಡುಗ ನಿಂತುಬಿಟ್ಟ. ಎರಡು ಕಂಪ್ಯೂಟರುಗಳು ಸಂಪರ್ಕ ಬೆಳೆಸುವ ಮೊದಲು ಒಂದು ಕರೆಯುತ್ತದೆ, ಇನ್ನೊಂದು ‘ಕೇಳಿಸಿತು, ನಾನೂ ಸಿದ್ಧ’ ಎನ್ನುತ್ತದೆ, ಮೊದಲನೆಯದು ‘ಸರಿ’ ಎಂದ ಮೇಲೆ ಮಾತು ಶುರುವಾಗುತ್ತದೆ. ಅವನ ಪಠ್ಯದಲ್ಲಿ ಆ ವಾರವೇ ಅದರ ಪಾಠ ಆಗಿತ್ತಂತೆ. “ಮಾಮ, ಚಕ್ರ ಸುತ್ತುತ್ತಿದ್ದದ್ದು ವಾಪಸ್ ಗಂಟೆ ಬರದೇ ಇದ್ದದ್ದಕ್ಕೆ” ಎಂದ. ಹೌದು, ಅಷ್ಟೇ. ಅವನ ಫೋನು ಬಾಗಿಲು ತಟ್ಟುತ್ತಿತ್ತು. ಉತ್ತರ ಬರುವ ದಾರಿ ಇರಲಿಲ್ಲ.

ಆ ಪೆನ್‌ಡ್ರೈವಿನ ಲೆಕ್ಕವನ್ನೂ ಹೇಳಬೇಕು. ಒಂದು ಗಂಟೆಯ ಒಳ್ಳೆಯ ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್ ಎಂದು ಹಿಡಿದರೆ 3.6 ಗಿಗಾಬೈಟ್ ಆಗುತ್ತದೆ. ಅದರಿಂದ ಧ್ವನಿಯನ್ನಷ್ಟೇ ತೆಗೆದು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರೆ 29 ಮೆಗಾಬೈಟೂ ಆಗದು; ನೂರಿಪ್ಪತ್ತೈದು ಪಾಲಿನಲ್ಲಿ ಒಂದು. ಮಾತಿಗೆ ಅಷ್ಟು ಸಾಕು. ತಾತನ ಕೆಮ್ಮು ಕೂಡ ಸ್ಪಷ್ಟ. ಶಿವನಸಮುದ್ರದವರು ತಂತಿಗೆ ತಕ್ಕಂತೆ ವಿದ್ಯುತ್ತನ್ನು ಮಾರ್ಪಡಿಸಿ ಕಳಿಸಿದರು. ಭಾವ ಹಾಸ್ಟೆಲಿನ ಜಾಲಕ್ಕೆ ತಕ್ಕಂತೆ ತಂದೆಯ ದನಿಯನ್ನು ಮಾರ್ಪಡಿಸಿ ಕಳಿಸಿದರು.

ಉಳಿದ ಕೆಲಸ ಭಾವನದು. ಒಂದು ತಾಣದ ಹೆಸರು ಕೊಂಡರು. ‘ಲೆಟ್ಸ್ ಎನ್‌ಕ್ರಿಪ್ಟ್’ ಸೇವೆ ಪುಕ್ಕಟೆಯಾಗಿ ಕೊಡುವ ಪ್ರಮಾಣಪತ್ರ ಪಡೆದರು. 443ರ ಬಾಗಿಲಲ್ಲಿ ಒಬ್ಬ ದ್ವಾರಪಾಲಕನನ್ನು, ಅಂದರೆ ರಿವರ್ಸ್ ಪ್ರಾಕ್ಸಿ ಎಂಬ ತಂತ್ರಾಂಶವನ್ನು, ನಿಲ್ಲಿಸಿದರು. ಹೊರಗಿನಿಂದ ಬಂದವರು ಅವನನ್ನು ದಾಟಿಯೇ ಒಳಗೆ ಹೋಗಬೇಕು. ಮನೆಯ ಕಂಪ್ಯೂಟರಿಗೆ ಬೀದಿಯ ಕಡೆ ಬಾಗಿಲಿಟ್ಟ ಮೇಲೆ ಕಳ್ಳರೂ ತಟ್ಟುತ್ತಾರೆಂಬುದನ್ನು ಮರೆಯಬಾರದು. ಉದ್ದದ ಗುಪ್ತಪದ ಇರಬೇಕು, ತಂತ್ರಾಂಶವನ್ನು ಆಗಾಗ ನವೀಕರಿಸಬೇಕು, ಹೊರಗಿನ ಖಾತೆಗೆ ಬೇಕಾದ ಕಡತಗಳಷ್ಟೇ ಕಾಣುವಂತಿರಬೇಕು. ಮರುವಾರದ ಬುಧವಾರ ರಾತ್ರಿ ಒಂಬತ್ತು ಹತ್ತಕ್ಕೆ ಅಜ್ಜಿ ಬೆಂಗಳೂರಿನಲ್ಲಿ, ಮೊಮ್ಮಗ ಹಾಸ್ಟೆಲಿನಲ್ಲಿ, ಒಂದೇ ಮಾತನ್ನು ಕೇಳಿದರು. ಆಮೇಲೆ ಅಜ್ಜಿ ಫೋನಿನಲ್ಲಿ ಹೇಳಿದ್ದು, “ಅವರು ಹೇಳೋದ್ರಲ್ಲಿ ಒಂದು ತಪ್ಪಿದೆ ಕಣೋ. ಆ ಮಳೆ ಬಂದದ್ದು ನಿಮ್ಮಪ್ಪ ಹುಟ್ಟೋಕೆ ಮುಂಚೆ” ಎಂದು. ಐವತ್ತು ವರ್ಷದ ವಾದ ಮತ್ತೆ ಶುರುವಾಗಿದೆ, ಈಗ ಮೊಮ್ಮಗ ಪಂಚಾಯಿತಿದಾರ.

ಹೋಗುವವರಿಗೆ, ಕಳಿಸುವವರಿಗೆ

ಬೆಂಗಳೂರಿನಿಂದ ಕೆಜಿಎಫ್‌ಗೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಬಸ್ಸುಗಳಿವೆ, ಆದರೂ ಒಮ್ಮೆ ರೈಲಿನಲ್ಲಿ, ಕವಲು ಮಾರ್ಗದಲ್ಲೇ ಹೋಗಿ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ, ಹಳೆಯ ಬಂಗಲೆಗಳು, ಕಾರ್ಮಿಕರ ಸಾಲುಮನೆಗಳು ಎಲ್ಲ ಒಂದು ದಿನದ ನಡಿಗೆಗೆ ಸಿಗುತ್ತವೆ. ಕೋಟಿಲಿಂಗೇಶ್ವರವಿರುವ ಕಮ್ಮಸಂದ್ರ ಹತ್ತಿರದಲ್ಲಿದೆ. ಸಯನೈಡ್ ಗುಡ್ಡ ಹತ್ತುವ ಸಾಹಸ ಬೇಡ. ಮುಚ್ಚಿದ ಗಣಿಬಾಯಿಗಳ ಬಳಿ ಮಕ್ಕಳನ್ನು ಬಿಡಲೇಬೇಡಿ. ಊರಿನ ಹಿರಿಯರನ್ನು ಮಾತನಾಡಿಸಿ. ಗಣಿಗೆ ಇಳಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೇಳಿದರೆ ಚಹಾ ಕೊಟ್ಟು ಹೇಳುತ್ತಾರೆ.

ಹಾಸ್ಟೆಲಿನಲ್ಲಿ ಮಕ್ಕಳಿರುವ ತಂದೆತಾಯಿಗಳು, ಮನೆಯ ಸಂಪರ್ಕ ಅಲ್ಲಿಗೆ ತಲುಪದಿದ್ದರೆ, ಈ ಕ್ರಮದಲ್ಲಿ ನೋಡಬಹುದು: ಮನೆಯೊಳಗೆ ನಡೆಯುತ್ತದೆಯೇ, ಮೊಬೈಲ್ ಡೇಟಾದಲ್ಲಿ ನಡೆಯುತ್ತದೆಯೇ, ತಡೆಯಿಲ್ಲದ ಇನ್ನೊಬ್ಬರ ಮನೆಯಲ್ಲಿ ನಡೆಯುತ್ತದೆಯೇ, ಕೊನೆಗೆ ಹಾಸ್ಟೆಲಿನಲ್ಲಿ. ನಾಲ್ಕು ಉತ್ತರಗಳನ್ನು ಬರೆದುಕೊಂಡು ಅಲ್ಲಿಯ ಜಾಲ ನೋಡಿಕೊಳ್ಳುವವರ ಹತ್ತಿರ ಹೋಗಿ. ಬರಿಗೈಯಲ್ಲಿ ದೂರು ಹೊತ್ತು ಹೋದವರಿಗಿಂತ ಹಾಳೆ ಹಿಡಿದು ಹೋದವರಿಗೆ ಬೇಗ ಕುರ್ಚಿ ಸಿಗುತ್ತದೆ. ಅಲ್ಲಿಯವರೆಗೆ ಹೇಗೂ ಪೆನ್‌ಡ್ರೈವ್ ಇದೆ, ಬೆಳಗಿನ ರೈಲು ಇದೆ. ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ; ತಿಳಿ ನೀರೆಂದು ನಂಬಿ ಒಂದೇ ಗುಟುಕಿಗೆ ಕುಡಿಯಬೇಡಿ.